ಮೂವತ್ತೆರಡು ಪ್ರಶ್ನೆಗಳ ಮನೆ

ಮುನ್ನೂರು ಮನೆಗಳ ನಕ್ಷೆ ಬರೆದವನಿಗೆ ತನ್ನದೊಂದು ಪುಟ್ಟ ಮನೆಯ ನಕ್ಷೆ ಎಷ್ಟು ಹೊತ್ತಿನ ಕೆಲಸ? ಟೇಪಣ್ಣನೂ ಹಾಗೇ ಅಂದುಕೊಂಡಿದ್ದ. ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು. ಈಗ ಐದು ತಿಂಗಳಾಗಿತ್ತು. ಅರವತ್ತಮೂರು ವರ್ಷದ ಬೆನ್ನು ಮೇಜಿನ ಮೇಲೆ ಬಗ್ಗಿ ಬಗ್ಗಿ ಹಠ ಹಿಡಿದಿತ್ತು, ಕಸದ ಬುಟ್ಟಿ ಎಷ್ಟೋ ಸಲ ತುಂಬಿ ಖಾಲಿಯಾಗಿತ್ತು, ಮನೆ ಮಾತ್ರ ಕಾಗದದ ಮೇಲೂ ಎದ್ದು ನಿಂತಿರಲಿಲ್ಲ.

ಟೇಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಾರೆ ಕೆಲಸದವರು ಬೆನ್ನ ಹಿಂದೆ ಇಟ್ಟದ್ದು. ಆತನ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಅಳತೆ ಟೇಪು ಇರಲೇಬೇಕು. ಊಟಕ್ಕೆ ಕರೆದವರ ಮನೆಯಲ್ಲೂ ಕೈ ತೊಳೆಯುವ ಮೊದಲು ಬೇಸಿನ್ನಿನ ಎತ್ತರ ಅಳೆಯುವ ಆಸಾಮಿ. ಆ ಹೆಸರು ಕಿವಿಗೆ ಬಿದ್ದಾಗ ಮೊದಮೊದಲು ಮುಖ ಗಂಟಿಕ್ಕುತ್ತಿದ್ದ. ಆಮೇಲೆ ಹೆಂಡತಿಯೇ ಒಂದು ದಿನ "ಏನ್ರೀ ಟೇಪಣ್ಣ" ಅಂದುಬಿಟ್ಟಳು. ಅಲ್ಲಿಗೆ ಹೆಸರು ಖಾಯಂ ಆಯಿತು.

ಈಗ ವಾಸವಿದ್ದ ಮನೆಯೂ ಅವನದೇ ಕೈಚಳಕ. ಮೂರು ಮಹಡಿ, ನಡುವೆ ಗಾಜಿನ ಛಾವಣಿ, ಎಲ್ಲಿಂದ ಎಲ್ಲಿಗೆ ಹೊರಟರೂ ಮೆಟ್ಟಿಲು. ಹೊಸ ಗಿರಾಕಿ ಬಂದರೆ ಆಫೀಸಿನಲ್ಲಿ ಮಾತು ಮುಗಿಯುತ್ತಿರಲಿಲ್ಲ. "ಬನ್ನಿ, ನಮ್ಮ ಮನೇನೇ ನೋಡ್ಬಿಡಿ" ಎಂದು ಕರೆತರುತ್ತಿದ್ದ. ಇಪ್ಪತ್ತಾರು ವರ್ಷ ಹಾಗೆ ಜನ ಬಂದು, ಅಡುಗೆಮನೆಯ ಕಪಾಟು ತೆಗೆದು ಮುಚ್ಚಿ, ಮಲಗುವ ಕೋಣೆಯ ಕಿಟಕಿಯಿಂದ ಇಣುಕಿ, ಅಬ್ಬಬ್ಬಾ ಎಂದು ಹೋಗಿದ್ದರು. ಮಗಳು ಮದುವೆಯಾಗಿ ತನ್ನ ಮನೆ ಸೇರಿದ ಮೇಲೆ ಮೇಲಿನ ಮಹಡಿ ಗುಡಿಸುವುದೇ ಒಂದು ಉದ್ಯೋಗವಾಯಿತು. ಹೆಂಡತಿಯ ಮಂಡಿ ಸವೆದಿತ್ತು. ಸಾಕು, ಚಿಕ್ಕದೊಂದು ಮಾಡಿಕೊಳ್ಳೋಣ ಎಂದು ಇಬ್ಬರೂ ಒಪ್ಪಿ, ವರ್ಷದೊಳಗೆ ಖಾಲಿ ಮಾಡುವ ಮಾತಿನ ಮೇಲೆ ಮನೆಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಮಾರಿದರು. ಮುಂದಿನ ವರ್ಷ ಇದೇ ಹೊತ್ತಿಗೆ ಆ ಗಾಜಿನ ಛಾವಣಿಯ ಕೆಳಗೆ ಹಲ್ಲು ಕೀಳುತ್ತಾರೆ.

ಹೊಸ ಮನೆಗೆ ಇದ್ದ ಜಾಗ ನೋಡಿದರೆ ಯಾರಾದರೂ ಕೈ ಮುಗಿದು ಓಡಿಹೋಗಬೇಕು. ರಸ್ತೆಯ ಕೊನೆಯಲ್ಲಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಉಳಿದುಹೋದ ಮೂರು ಮೂಲೆಯ ತುಂಡು. ರಸ್ತೆಯ ಮಟ್ಟದಿಂದ ಹಿಂದಿನ ಓಣಿಗೆ ಎರಡಾಳು ಇಳಿಜಾರು. ಒಂದು ಬದಿ ಮಳೆನೀರಿನ ಕಾಲುವೆ, ಅದರ ಪಕ್ಕ ಹತ್ತಡಿ ಬಿಡಬೇಕೆಂದು ನಗರಸಭೆಯ ಕಟ್ಟಪ್ಪಣೆ. ಸಾಲದ್ದಕ್ಕೆ ನಟ್ಟನಡುವೆ ಮಲಗಿದ ಎಮ್ಮೆಯಷ್ಟು ದೊಡ್ಡ ಬಂಡೆ. ಅದನ್ನು ಒಡೆಯೋಣವೆಂದರೆ ಟ್ಯಾಂಕಿನ ಗೋಡೆ ಬಿರುಕು ಬಿಡುತ್ತದೆ. ಯಾರೂ ಮೂಸದ ಆ ತುಂಡನ್ನು ಟೇಪಣ್ಣ ಎಷ್ಟೋ ವರ್ಷದ ಹಿಂದೆ ಕೊಂಡು ಇಟ್ಟುಕೊಂಡಿದ್ದ. ಕಷ್ಟದ ಜಾಗ ಕಂಡರೆ ಆತನಿಗೆ ಬಾಯಲ್ಲಿ ನೀರೂರುತ್ತಿತ್ತು.

ಐದು ತಿಂಗಳ ಗುದ್ದಾಟದ ಕೊನೆಗೆ ಅವನಿಗೆ ದಾರಿ ಸಿಕ್ಕಿತು. ಇಳಿಜಾರಿನ ಜೊತೆ ಜಗಳ ಬೇಡ, ಅದು ಕರೆದಲ್ಲಿಗೆ ಹೋಗೋಣ. ರಸ್ತೆಯ ಮಟ್ಟದಲ್ಲಿ ಬಾಗಿಲು, ಆರು ಮೆಟ್ಟಿಲು ಇಳಿದರೆ ಅಡುಗೆಮನೆ, ಇನ್ನಾರು ಇಳಿದರೆ ಬಂಡೆಗೆ ಮುಖ ಮಾಡಿದ ಕೂರುವ ಕೋಣೆ, ಮತ್ತಾರು ಇಳಿದರೆ ಮಲಗುವ ಕೋಣೆ, ಕಟ್ಟಕಡೆಗೆ ಐದು ಮೆಟ್ಟಿಲಿನಾಚೆ ಅವನ ಕೆಲಸದ ಕೋಣೆ. ಬಂಡೆಯನ್ನು ಸುತ್ತಿಕೊಂಡು ಇಳಿಯುವ ಮನೆ. ಅದನ್ನು ಕಾಗದದ ಮೇಲೆ ಕಂಡ ದಿನ ಬೆನ್ನುನೋವು ಅರ್ಧ ದಿನ ಮರೆತೇಹೋಯಿತು.

ಆಫೀಸಿನಲ್ಲಿ ಅವನ ಜೊತೆ ಇಪ್ಪತ್ತೆರಡು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಹೆಂಗಸನ್ನು ಎಲ್ಲರೂ ನಕ್ಷೆಯಮ್ಮ ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದ್ದು ನೇರ. ಆಕೆ ಕರಡು ನಕ್ಷೆಯನ್ನು ನೋಡಿದಳು, ತಿರುಗಿಸಿ ನೋಡಿದಳು, ಆಮೇಲೆ ಖಾಲಿ ಕಡತವನ್ನು ಎತ್ತಿ ಹಿಡಿದಳು.

"ಸರ್, ಇದರಲ್ಲಿ ಪ್ರಶ್ನೆ ಹಾಳೆ ಇಲ್ಲ."

ಆ ಆಫೀಸಿಗೆ ಒಂದು ನೇಮವಿತ್ತು. ಗಂಡ ಹೆಂಡತಿ ಯಾರೇ ಬರಲಿ, ಮೂವತ್ತೆರಡು ಪ್ರಶ್ನೆಗಳ ಒಂದೊಂದು ಹಾಳೆಯನ್ನು ಇಬ್ಬರಿಗೂ ಬೇರೆ ಬೇರೆ ಕೊಡಬೇಕು. ಒಬ್ಬರದನ್ನು ಇನ್ನೊಬ್ಬರು ನೋಡಕೂಡದು. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತೀರಿ, ಹಾಸಿಗೆಯ ಯಾವ ಬದಿ ಮಲಗುತ್ತೀರಿ, ಸಿಟ್ಟು ಬಂದಾಗ ಯಾವ ಕೋಣೆಗೆ ಹೋಗಿ ಕೂರುತ್ತೀರಿ, ಹೀಗೆ. ಹಾಳೆ ತುಂಬಿ ಬರುವವರೆಗೆ ಒಂದು ಗೆರೆ ಎಳೆಯುವಂತಿಲ್ಲ. ಈ ನೇಮ ಮಾಡಿದವನು ಟೇಪಣ್ಣನೇ. ದುಡ್ಡಿರುವ ಗಿರಾಕಿಗಳನ್ನೂ ಹಾಳೆ ತುಂಬಿಲ್ಲವೆಂದು ವಾಪಸ್ಸು ಕಳಿಸಿ ಹೆಸರು ಮಾಡಿದ್ದ.

"ನಮ್ಮನೆಗೆ ಎಂಥದ್ದಮ್ಮ ಹಾಳೆ," ಅಂದ ಟೇಪಣ್ಣ.

"ಗಿರಾಕಿ ಗಿರಾಕೀನೇ ಸರ್."

"ಮೂವತ್ತೇಳು ವರ್ಷ ಜೊತೇಲಿ ಸಂಸಾರ ಮಾಡಿದೀನಿ. ಅವಳ ಹಾಳೆ ನಾನೇ ತುಂಬ್ತೀನಿ, ಕೊಡು."

ಕೂತ ಕೂತಲ್ಲೇ ಹತ್ತು ನಿಮಿಷದಲ್ಲಿ ತುಂಬಿದ. ಪೆನ್ನು ಎಲ್ಲೂ ತಡೆಯಲಿಲ್ಲ. ನಕ್ಷೆಯಮ್ಮ ಹಾಳೆಯನ್ನು ತೆಗೆದುಕೊಂಡು, ಏನೂ ಹೇಳದೆ, ಕಡತದಲ್ಲಿ ಸೇರಿಸಿದಳು. ಏನೂ ಹೇಳದಿರುವುದರಲ್ಲಿ ಆಕೆಯದು ಎತ್ತಿದ ಕೈ.

ಆ ಶನಿವಾರ ಕಡತವನ್ನು ಕಂಕುಳಲ್ಲಿಟ್ಟು, ರಟ್ಟಿನ ಮಾದರಿಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಟೇಪಣ್ಣ ಮನೆಗೆ ಬಂದ. ಹೆಂಡತಿ ಊಟದ ಮೇಜಿನ ಹತ್ತಿರ ಕೂತು ಓದುತ್ತಿದ್ದಳು. ಆಕೆ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತಿಯಾದವಳು. ಶಾಲೆ ಪುಸ್ತಕ, ರೈಲಿನ ವೇಳಾಪಟ್ಟಿ, ಔಷಧಿಯ ಚೀಟಿ, ಯಾವುದೂ ಆಕೆಯ ಕಣ್ಣು ತಪ್ಪಿಸಿ ಅಚ್ಚಾಗಿರಲಿಲ್ಲ. ಈಗಲೂ ಕಿವಿಯ ಹಿಂದೆ ಕೆಂಪು ಪೆನ್ಸಿಲ್ಲು ಸಿಕ್ಕಿಸಿಕೊಳ್ಳುವ ಅಭ್ಯಾಸ ಹೋಗಿರಲಿಲ್ಲ.

ಟೇಪಣ್ಣ ಮಾದರಿಯ ಛಾವಣಿ ಎತ್ತಿ ಒಂದೊಂದೇ ಕೋಣೆ ತೋರಿಸಿದ. ಬಂಡೆ ತೋರಿಸಿದ, ಬೆಳಕು ಎಲ್ಲಿಂದ ಬರುತ್ತದೆ ಎಂದು ಟಾರ್ಚು ಬಿಟ್ಟು ತೋರಿಸಿದ. ಹೆಂಡತಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಒಟ್ಟು ಎಷ್ಟು ಮೆಟ್ಟಿಲು?"

"ಇಪ್ಪತ್ತಮೂರು. ಆದ್ರೆ ಒಂದೇ ಸಲಕ್ಕಲ್ಲ ಕಣೇ. ಆರಾರು, ಆರಾರು. ಗೊತ್ತೇ ಆಗಲ್ಲ."

"ಚೆನ್ನಾಗಿದೆ," ಅಂದಳು. ಪಕ್ಕದ ಮನೆಯವರು ಹೊಸ ಕಾರು ತೋರಿಸಿದಾಗ ಅನ್ನುವ ಚೆನ್ನಾಗಿದೆ. ಟೇಪಣ್ಣನಿಗೆ ಆ ಧಾಟಿ ಗೊತ್ತಾಗಬೇಕಿತ್ತು. ಐದು ತಿಂಗಳ ಆಯಾಸದಲ್ಲಿ ಅವನಿಗೆ ಒಳ್ಳೆಯ ಮಾತೊಂದು ಬೇಕಾಗಿತ್ತು, ಸಿಕ್ಕಿತೆಂದು ಜೇಬಿಗೆ ಹಾಕಿಕೊಂಡ. "ಕಡತ ಇಲ್ಲೇ ಇರಲಿ, ಓದ್ತೀನಿ" ಎಂದು ಹೆಂಡತಿ ಅಂದಾಗಲೂ, ಓದಲಿ ಪಾಪ, ಅನ್ನಿಸಿತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಎದ್ದು ಕೆಳಗಿಳಿದರೆ ಊಟದ ಮೇಜಿನ ಮೇಲೆ ಆ ಹಾಳೆ ಇತ್ತು. ಕೆಂಪಾಗಿ ಇತ್ತು. ಅಂಚಿನಲ್ಲಿ ಸಾಲು ಸಾಲು ಕೆಂಪು ಗುರುತು, ಅವನ ಉತ್ತರಗಳ ಮೇಲೆ ನೀಟಾಗಿ ಗೀಟು, ಪಕ್ಕದಲ್ಲಿ ಮುದ್ದಾದ ಸಣ್ಣ ಅಕ್ಷರ. ಟೇಪಣ್ಣ ನಿಂತೇ ಓದತೊಡಗಿದ, ಆಮೇಲೆ ಕೂತ.

ದಿನದಲ್ಲಿ ಹೆಚ್ಚು ಹೊತ್ತು ಎಲ್ಲಿ ಇರುತ್ತೀರಿ? ಅವನು ಬರೆದಿದ್ದ: ಅಡುಗೆಮನೆ. ಆಕೆ ಹೊಡೆದುಹಾಕಿ ಬರೆದಿದ್ದಳು: ಮೆಟ್ಟಿಲು. ಆರನೆಯದು. ಅಲ್ಲಿಗೆ ಬಂದರೆ ಮುಂದೆ ಹತ್ತಲು ಆಗುವುದಿಲ್ಲ, ಕೂತುಬಿಡುತ್ತೇನೆ, ಓದುತ್ತೇನೆ.

ಕಿಟಕಿಯಿಂದ ಏನು ಕಾಣಬೇಕು? ಗಿಡ, ಮರ, ಬಂಡೆ ಎಂದು ಅವನು. ರಸ್ತೆ, ಹೋಗಿಬರುವ ಜನ ಎಂದು ಆಕೆ.

ಯಾವ ಸದ್ದು ನಿಮಗೆ ಆಗದು? ವಾಹನಗಳದ್ದು ಎಂದು ಅವನು. ಮನೆ ನೋಡಲು ಬಂದವರದ್ದು ಎಂದು ಆಕೆ.

ಅಡುಗೆ ಕಟ್ಟೆಯ ಎತ್ತರ ಮೂವತ್ತನಾಲ್ಕು ಇಂಚು ಎಂದು ಅವನು ಬರೆದದ್ದು ಇಪ್ಪತ್ತಾರು ವರ್ಷದ ಹಿಂದೆ ತಾನೇ ಟೇಪು ಹಿಡಿದು ಅಳೆದ ಅಳತೆ. ಆಕೆ ತಿದ್ದಿದ್ದಳು: ಮೂವತ್ತೊಂದು. ನಾನು ಕುಗ್ಗಿದ್ದೇನೆ. ಕೂತು ಹೆಚ್ಚುವಂತಿದ್ದರೆ ಇನ್ನೂ ಒಳ್ಳೆಯದು.

ಹದಿನೇಳನೆಯ ಪ್ರಶ್ನೆಗೆ ಬಂದಾಗ ಟೇಪಣ್ಣನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಹಾಸಿಗೆಯ ಯಾವ ಬದಿ? ಅವನು ಬರೆದಿದ್ದ: ಎಡ. ಆಕೆ ಬರೆದಿದ್ದಳು: ಎರಡು ವರ್ಷದಿಂದ ಕೆಳಗಿನ ಸೋಫಾ. ದಿನಕ್ಕೆ ಒಂದೇ ಸಲ ಮೇಲೆ ಹತ್ತುತ್ತೇನೆ, ಸ್ನಾನಕ್ಕೆ. ಆಗ ಹಾಸಿಗೆ ಸರಿಮಾಡಿ ಬರುತ್ತೇನೆ.

ಎರಡು ವರ್ಷ. ಟೇಪಣ್ಣನಿಗೆ ಮಲಗುವ ಮುಂಚೆ ಮಾತ್ರೆ ನುಂಗುವ ರೂಢಿ, ತಲೆ ಇಟ್ಟರೆ ಕೊರಡು. "ನೀವು ನಡೀರಿ, ಬಾಗಿಲು ನೋಡಿ ಬರ್ತೀನಿ" ಎಂದು ಆಕೆ ದಿನವೂ ಅನ್ನುತ್ತಿದ್ದಳು. ಇವನು ಎದ್ದಾಗ ಪಕ್ಕ ಖಾಲಿ ಇರುತ್ತಿತ್ತು, ಎದ್ದು ಹೋಗಿದ್ದಾಳೆ ಅಂದುಕೊಳ್ಳುತ್ತಿದ್ದ. ಅರ್ಧ ಇಂಚು ಓರೆಯಾದ ಬಾಗಿಲನ್ನು ಬೀದಿಯ ಆಚೆಯಿಂದ ಕಂಡುಹಿಡಿಯುವ ಕಣ್ಣು ಅವನದು. ಟೇಪಣ್ಣನಿಗೆ ನಾಚಿಕೆಯಾಯಿತು, ಆ ನಾಚಿಕೆಯ ಹಿಂದೆಯೇ ಹೆದರಿಕೆಯೂ ಬಂತು.

ಎಲ್ಲ ಓದಿ ಮುಗಿಸಿ ಮತ್ತೆ ಮೇಲಕ್ಕೆ ಬಂದ. ಮೊದಲನೆಯ ಪ್ರಶ್ನೆ ತೀರಾ ಸುಲಭದ್ದು, ಅದನ್ನು ಹಾರಿಸಿ ಓದಿದ್ದ. ಈ ಮನೆಯಲ್ಲಿ ಇರುವವರು ಎಷ್ಟು ಜನ? ಇಬ್ಬರು, ಎಂದು ಅವನು ಬರೆದಿದ್ದ. ಆಕೆ ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಒಂದು ಕೆಂಪು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಳು.

ಹೆಂಡತಿ ಎರಡು ಲೋಟ ಹಿಡಿದು ಬಂದು ಎದುರು ಕೂತಳು. ಕೂರುವಾಗ ಮೇಜಿನ ಅಂಚು ಹಿಡಿದುಕೊಂಡಳು. ಎಷ್ಟು ದಿನದಿಂದ ಹಾಗೆ ಹಿಡಿಯುತ್ತಿದ್ದಾಳೋ.

"ಇದೇನು?" ಎಂದು ಟೇಪಣ್ಣ ಬೆರಳಿಟ್ಟು ತೋರಿಸಿದ.

"ಅನುಮಾನ ಬಂದ ಕಡೆ ನಾವು ಹಾಗೆ ಗುರುತು ಹಾಕ್ತೀವಿ. ತಿದ್ದೋ ಹಕ್ಕು ನಮಗಿಲ್ಲ. ಬರೆದೋರೇ ನೋಡಿ ಹೇಳ್ಬೇಕು."

"ಅಂದ್ರೆ?"

"ಮುದ್ರಣಾಲಯದ ಹಿಂದಿನ ಬೀದೀಲಿ ಒಂದು ಬಾಡಿಗೆ ಮನೆ ನೋಡಿದೀನಿ. ನೆಲಮಟ್ಟದ್ದು. ಎರಡು ಕೋಣೆ. ಈ ತಿಂಗಳ ಕೊನೇಲಿ ಹೇಳ್ತೀನಿ ಅಂದಿದೀನಿ."

"ನನ್ನ ಬಿಟ್ಟು?"

"ನಿಮ್ಮನ್ನ ಬಿಟ್ಟು ಅಂತ ಅಲ್ಲ. ಆ ಮನೆ ನೋಡಿದ್ರೆ ನೀವೇ ಬರಲ್ಲ. ಬಾಗಿಲು ತೆಗೆದ್ರೆ ಸ್ವಿಚ್ಚಿಗೆ ಬಡಿಯತ್ತೆ, ಅಷ್ಟು ಕೆಟ್ಟದಾಗಿ ಕಟ್ಟಿದಾರೆ." ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಂಗೆ ಸುಸ್ತಾಗಿದೆ ಕಣ್ರೀ. ಇಪ್ಪತ್ತಾರು ವರ್ಷ ನಿಮ್ಮ ನಕ್ಷೆ ಒಳಗೇ ಓಡಾಡಿದೀನಿ. ಇನ್ನೊಂದು ನಕ್ಷೆಗೆ ಹೊಂದ್ಕೊಳ್ಳೋ ಶಕ್ತಿ ಇಲ್ಲ."

ಜಗಳವಾಡಿದ್ದರೆ ಟೇಪಣ್ಣನಿಗೆ ಏನಾದರೂ ಹೇಳಲು ಇರುತ್ತಿತ್ತು. ಆಕೆ ಜಗಳವಾಡುತ್ತಿರಲಿಲ್ಲ. ಹತ್ತಲಾಗದ ಬಸ್ಸನ್ನು ಹೋಗಲಿ ಎಂದು ಬಿಟ್ಟವಳಂತೆ ಕೂತಿದ್ದಳು. ಮಾದರಿ ಮಾತ್ರ ಮೇಜಿನ ಮೂಲೆಯಲ್ಲಿ ಚೆಂದವಾಗಿ ನಿಂತಿತ್ತು, ಅವನಿಗೆ ಅದನ್ನು ನೋಡಲಾಗಲಿಲ್ಲ.

"ಎಷ್ಟು ದಿನ ಇದೆ ತಿಂಗಳ ಕೊನೆಗೆ?"

"ಹತ್ತೊಂಬತ್ತು."

"ಆ ಹತ್ತೊಂಬತ್ತು ದಿನ ಕೊಡು. ನಾಳೆ ಆಫೀಸಿಗೆ ಬಾ."

"ಯಾಕೆ?"

"ಗಿರಾಕಿ ಥರ ಬಾ."

ಸೋಮವಾರ ಬೆಳಿಗ್ಗೆ ಆಕೆ ಟ್ಯಾಕ್ಸಿಯಲ್ಲಿ ಬಂದಳು. ನಕ್ಷೆಯಮ್ಮ ಆಕೆಯನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಒಂದು ಪುಟ್ಟ ಸ್ಟೂಲು ತಂದಿಟ್ಟಳು. ಅದು ಬೇಕೆಂದು ನಕ್ಷೆಯಮ್ಮನಿಗೆ ಯಾರೂ ಹೇಳಿರಲಿಲ್ಲ. ಟೇಪಣ್ಣ ಅದನ್ನೂ ನೋಡಿದ, ಅದೂ ಒಂದು ಏಟೇ.

ಹಾಳೆ ಬಂದ ಮೇಲೆ ಒಂದೊಂದೇ ಪ್ರಶ್ನೆಯನ್ನು ಎದುರು ಕೂತು ಕೇಳಬೇಕು, ಕೇಳುವವನು ನಡುವೆ ಬಾಯಿ ಹಾಕಬಾರದು ಎನ್ನುವುದೂ ಆ ಆಫೀಸಿನ ನೇಮ. ಬೇರೆಯವರ ಹೆಂಡತಿಯರು ಹೇಳುವಾಗ ಅದು ಸುಲಭವಿತ್ತು. ಇಲ್ಲಿ ಪ್ರತಿ ಉತ್ತರಕ್ಕೂ "ಅಲ್ಲ ಕಣೇ, ನೀನು ಯಾವಾಗ..." ಎಂದು ನಾಲಿಗೆಯ ತುದಿಗೆ ಬರುತ್ತಿತ್ತು, ತುಟಿ ಕಚ್ಚಿ ನುಂಗುತ್ತಿದ್ದ. ಅಡುಗೆ ಮಾಡುವುದು ತನಗೆ ಎಂದೂ ಇಷ್ಟವಿರಲಿಲ್ಲ ಎಂದು ಆಕೆ ಹೇಳಿದಳು. ಮಾಡಿದ್ದೇನೆ, ಅಷ್ಟೇ. ಗಾಜಿನ ಛಾವಣಿಯ ಕೆಳಗೆ ಕೂತರೆ ಯಾರೋ ಮೇಲಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು ಎಂದಳು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸರಳು ಬೇಕು, ಅದನ್ನು ಅಂದಗೆಡಿಸುತ್ತದೆ ಎಂದು ಎರಡು ಸಲ ತೆಗೆಸಿದ್ದೀರಿ ಎಂದಳು. ತೆಗೆಸಿದ್ದು ಟೇಪಣ್ಣನಿಗೆ ನೆನಪಿತ್ತು. ಯಾಕೆ ಹಾಕಿಸಿದ್ದಳು ಎಂದು ಕೇಳಿದ್ದು ನೆನಪಿರಲಿಲ್ಲ.

ಮೊದಲನೆಯ ಪ್ರಶ್ನೆಗೆ ಮಾತ್ರ "ಅದನ್ನ ಕಡೇಲಿ ಕೇಳಿ" ಅಂದಳು. ಎರಡು ಗಂಟೆಯಾದ ಮೇಲೆ, ಕಡೆಯದಕ್ಕೆ ಬಂದಾಗ, ಕಣ್ಣು ಮುಚ್ಚಿ ಒರಗಿಕೊಂಡಿದ್ದಳು. "ಇವತ್ತಿಗೆ ಸಾಕು" ಎಂದು ಎದ್ದಳು. ಟೇಪಣ್ಣ ಆ ಜಾಗವನ್ನು ಖಾಲಿ ಬಿಟ್ಟ.

ಆಮೇಲಿನ ಎರಡು ವಾರ ಆಫೀಸಿನಲ್ಲಿ ನಗು ಇರಲಿಲ್ಲ. ಒಂದೇ ಮಟ್ಟದ ಮನೆ ಆ ಜಾಗದಲ್ಲಿ ಹೇಗೆ ನಿಲ್ಲಬೇಕು? ರಸ್ತೆಗೆ ಸಮನಾಗಿ ನೆಲ ಹಾಕಿದರೆ ಹಿಂದಿನ ಅರ್ಧ ಗಾಳಿಯಲ್ಲಿ. ಕಾಲುವೆಗೆ ಹತ್ತಡಿ ಬಿಟ್ಟು, ಬಂಡೆಯ ಬೆನ್ನು ಸಿಗುವವರೆಗೆ ಎಳೆದರೆ ಕೈಗೆ ಬರುವುದು ಮೂವತ್ತನಾಲ್ಕು ಅಡಿ ಉದ್ದ, ಹದಿನೈದು ಅಡಿ ಅಗಲ. ಟೇಪಣ್ಣ ದಿನಕ್ಕೆರಡು ಸಲ ಜಾಗಕ್ಕೆ ಹೋಗಿ ಇಳಿಜಾರಿನಲ್ಲಿ ಕೂತು ಬಂದ. ಕಡೆಗೆ ಬಂಡೆಯನ್ನೇ ಕೆಲಸಕ್ಕೆ ಹಚ್ಚಿದ. ಐದು ತಿಂಗಳು ಅದನ್ನು ನೋಡುವ ವಸ್ತು ಮಾಡಿ ಮೆರೆಸಿದ್ದ. ಈಗ ಮನೆಯ ಹಿಂದಿನ ಅಂಚನ್ನು ಅದರ ಬೆನ್ನ ಮೇಲೆ ಊರಿದ. ಬಂಡೆ ನೆಲದ ಕೆಳಗೆ ಹೋಯಿತು. ಯಾವ ಕಿಟಕಿಯಿಂದಲೂ ಕಾಣುವುದಿಲ್ಲ. ಯಾವ ಪತ್ರಿಕೆಯವರೂ ಫೋಟೋ ತೆಗೆಯಲು ಬರುವುದಿಲ್ಲ.

ರಸ್ತೆಯಿಂದ ಬಾಗಿಲಿಗೆ ಹೊಸ್ತಿಲಿಲ್ಲ. ಒಳಗೆ ಬಂದರೆ ಕೂರುವ ಜಾಗ, ಅಲ್ಲೇ ಗೋಡೆಗೆ ಅಂಟಿ ಗಿಡ್ಡ ಅಡುಗೆ ಕಟ್ಟೆ. ರಸ್ತೆಯ ಕಡೆಗೆ ಅಗಲವಾದ ಕಿಟಕಿ, ಅದಕ್ಕೆ ಹದಿನೆಂಟು ಇಂಚಿನ ಕಟ್ಟೆ, ಕಾಲು ಚಾಚಿ ಓದಬಹುದು. ಹಾಸಿಗೆಯಿಂದ ಬಚ್ಚಲಿಗೆ ಏಳು ಹೆಜ್ಜೆ, ಏಳಕ್ಕೂ ಹಿಡಿಯಲು ಸರಳು. ಇಷ್ಟು ಇಟ್ಟಮೇಲೆ ಕೆಲಸದ ಕೋಣೆಗೆ ಒಂದು ಅಡಿಯೂ ಉಳಿಯಲಿಲ್ಲ. ಟೇಪಣ್ಣ ನಾಲ್ಕು ದಿನ ಅದಕ್ಕಾಗಿ ಗೋಡೆಗಳನ್ನು ಅತ್ತಿತ್ತ ತಳ್ಳಿದ. ಒಂದು ಕಡೆ ತಳ್ಳಿದರೆ ಕಿಟಕಿ ಕಟ್ಟೆ ಹೋಗುತ್ತಿತ್ತು, ಇನ್ನೊಂದು ಕಡೆ ತಳ್ಳಿದರೆ ಸರಳು. ಐದನೇ ದಿನ ಅದನ್ನು ಅಳಿಸಿದ. ನಲವತ್ತು ವರ್ಷ ಬಗ್ಗಿ ಕೂತ ಮೇಜು ಆ ಮನೆಗೆ ಬರುವುದಿಲ್ಲ. ರಬ್ಬರಿನ ಪುಡಿ ಊದಿ ಮುಂದಿನ ಗೆರೆ ಎಳೆದ.

"ನಿಮ್ಮ ಹಾಳೆ ಎಲ್ಲಿ ಸರ್?" ಎಂದಳು ನಕ್ಷೆಯಮ್ಮ. "ಅವರದ್ದು ಮಾತ್ರ ಇದೆ."

"ನಂದು ಬೇಡ."

"ಹಾಗಂದ್ರೆ ಹೇಗೆ?"

"ಮೊದಲನೇ ಪ್ರಶ್ನೆಗೆ ಅವಳಿನ್ನೂ ಉತ್ತರ ಕೊಟ್ಟಿಲ್ಲ. ಅದಿಲ್ದೇ ಆ ಮನೇಲಿ ನಾನು ಜಾಗ ಹಿಡ್ಕೊಂಡು ಕೂರೋದು ಹೇಗಮ್ಮ?"

ಸಂಜೆ ಹೊರಡುವಾಗ ನಕ್ಷೆಯಮ್ಮ, "ಶನಿವಾರ ನೆಲದ ಮೇಲೆ ಗುರುತು ಹಾಕೋಕೆ ನಾನೂ ಬರ್ತೀನಿ, ನಿಮ್ಮ ಬೆನ್ನಿಗೆ ಆಗಲ್ಲ" ಎಂದಳು.

ಗಿರಾಕಿಗಳಿಗೆ ನಕ್ಷೆ ಓದಲು ಬರುವುದಿಲ್ಲ. ಬರುತ್ತದೆ ಎಂದು ತಲೆಯಾಡಿಸುತ್ತಾರೆ, ಮನೆ ಕಟ್ಟಿದ ಮೇಲೆ ಬಾಯಿ ಬಡಿದುಕೊಳ್ಳುತ್ತಾರೆ. ಅದಕ್ಕೇ ಟೇಪಣ್ಣ ಎಲ್ಲಾದರೂ ದೊಡ್ಡ ನೆಲ ಸಿಕ್ಕಿದರೆ ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಅಂಟುಪಟ್ಟಿಯಿಂದ ಗೀಚಿ, ಗಿರಾಕಿಗಳನ್ನು ಅದರೊಳಗೆ ನಡೆಸುತ್ತಿದ್ದ. ಈ ಸಲ ದೊಡ್ಡ ನೆಲ ಹುಡುಕಬೇಕಾಗಿರಲಿಲ್ಲ. ಹಳೆಯ ಮನೆಯ ಹಾಲಿನಲ್ಲಿದ್ದ ಸೋಫಾ, ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದರೆ ಸಾಕು, ಹೊಸ ಮನೆ ಪೂರ್ತಿ ಅದರೊಳಗೆ ಹಿಡಿಯಿತು. ಸುತ್ತ ಒಂದಷ್ಟು ಜಾಗ ಮಿಕ್ಕಿತು ಕೂಡ. ಇಷ್ಟು ದೊಡ್ಡ ಹಾಲಿನಲ್ಲಿ ಇಷ್ಟು ವರ್ಷ ನಾವು ಏನು ಮಾಡುತ್ತಿದ್ದೆವು ಎಂದು ಟೇಪಣ್ಣನಿಗೆ ತಿಳಿಯಲಿಲ್ಲ.

ಹಳದಿ ಪಟ್ಟಿ ಗೋಡೆ, ಬಿಳಿ ಪಟ್ಟಿ ಕಿಟಕಿ, ಪಟ್ಟಿ ಇಲ್ಲದ ಕಡೆ ಬಾಗಿಲು. ನಕ್ಷೆಯಮ್ಮ ಮಂಡಿಯೂರಿ ಅಂಟಿಸಿದಳು, ಟೇಪಣ್ಣ ಅಳತೆ ಕೂಗಿದ. ಕಿಟಕಿ ಕಟ್ಟೆಯಿದ್ದ ಕಡೆ ಒಂದು ಬೆಂಚು ಇಟ್ಟರು, ಹಾಸಿಗೆಯಿದ್ದ ಕಡೆ ಹಾಸಿಗೆಯನ್ನೇ ತಂದು ಹಾಸಿದರು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ನಕ್ಷೆಯಮ್ಮ ಸೀರೆ ಕೊಡವಿಕೊಂಡು, ಚಪ್ಪಲಿ ಮೆಟ್ಟಿ, ಹೋಗಿಬಿಟ್ಟಳು. ಉಳಿಯಬೇಕಾದ ಹೊತ್ತು ಯಾವುದು, ಹೊರಡಬೇಕಾದ ಹೊತ್ತು ಯಾವುದು ಎಂದು ಆಕೆಗೆ ಗೊತ್ತಿತ್ತು.

ಹೆಂಡತಿ ಬಂದು ಪಟ್ಟಿಯ ಹೊರಗೆ ನಿಂತಳು. "ಎಲ್ಲಿಂದ ಬರ್ಬೇಕು?"

"ಅಲ್ಲಿ. ರಸ್ತೆ ಆ ಕಡೆ."

ಆಕೆ ಬಾಗಿಲಿನಿಂದ ಒಳಗೆ ಬಂದಳು. ಟೇಪಣ್ಣ ವಿವರಿಸಲಿಲ್ಲ, ಟಾರ್ಚು ತಂದಿರಲಿಲ್ಲ. ಗೋಡೆಗೆ ಒರಗಿ ನಿಂತು ಆಕೆಯ ಕಾಲುಗಳನ್ನಷ್ಟೇ ನೋಡಿದ. ಅಡುಗೆ ಕಟ್ಟೆಯ ಹತ್ತಿರ ಹೋಗಿ, ಇಲ್ಲದ ಕಟ್ಟೆಯ ಮೇಲೆ ಅಂಗೈ ಇಟ್ಟಳು. ತಿರುಗಿದಳು. ಬೆಂಚಿನ ಮೇಲೆ ಕೂತು, ಕಾಲು ಚಾಚಿ, ರಸ್ತೆಯಿರಬೇಕಾದ ಕಡೆ ನೋಡಿದಳು. ಮಲಗುವ ಕೋಣೆಗೆ ಹೋಗಿ, ಅಲ್ಲಿಂದ ಬಚ್ಚಲಿಗೆ ಬಾಯಲ್ಲಿ ಎಣಿಸುತ್ತಾ ನಡೆದಳು. ಏಳು. ವಾಪಸ್ಸು ಬಂದಳು. ಏಳು. ಎಲ್ಲಿಯೂ ನಿಂತು ಉಸಿರು ಎಳೆದುಕೊಳ್ಳಲಿಲ್ಲ.

"ನಿಮ್ಮ ಮೇಜು?"

"ಹಿಡೀಲಿಲ್ಲ."

"ಮತ್ತೆ ಕೆಲಸ?"

"ಆಫೀಸಿದೆಯಲ್ಲ. ಅದೂ ಎಷ್ಟು ದಿನ. ಸಾಕಾಗಿದೆ ನಂಗೂ."

ಆಕೆ ಅವನ ಮುಖವನ್ನು ಕರಡು ನೋಡುವ ಹಾಗೆ ನೋಡಿದಳು. ತಪ್ಪು ಸಿಕ್ಕಿತೋ ಇಲ್ಲವೋ. ಹಾಸಿಗೆಯ ಅಂಚಿನಲ್ಲಿ ಕೂತಳು. ಮಂಡಿಯನ್ನು ಎರಡೂ ಕೈಯಿಂದ ನೀವಿಕೊಂಡಳು. ಆಮೇಲೆ, ಮಟಮಟ ಮಧ್ಯಾಹ್ನ, ಹಾಲಿನ ನಡುವೆ, ಹಾಗೇ ಮಲಗಿಕೊಂಡಳು. "ಒಂದೈದು ನಿಮಿಷ" ಅಂದಳು. ಅರ್ಧ ನಿಮಿಷದಲ್ಲಿ ಉಸಿರು ನಿಧಾನವಾಯಿತು.

ಟೇಪಣ್ಣನ ಬೆನ್ನು ಕೈಕೊಟ್ಟಿತ್ತು. ಕೂರಲು ಕುರ್ಚಿಯೂ ಇರಲಿಲ್ಲ, ಎಲ್ಲ ಹೊರಗೆ ಹಾಕಿದ್ದರು. ಮಲಗುವ ಕೋಣೆಯ ಹಳದಿ ಪಟ್ಟಿಯ ಆಚೆ, ನೆಲದ ಮೇಲೆ, ಹಳೆಯ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ. ಹೆಂಡತಿ ಮಲಗಿರುವುದನ್ನು ಹಗಲು ಬೆಳಕಿನಲ್ಲಿ ನೋಡಿ ಎಷ್ಟು ಕಾಲವಾಗಿತ್ತು. ಕೂದಲು ಇಷ್ಟು ನರೆತಿದ್ದು ಯಾವಾಗ? ಕಾಲ ಹೆಬ್ಬೆರಳು ಹೀಗೆ ಸೊಟ್ಟಗಾಗಿದ್ದು? ಹಾಸಿಗೆ ಇಬ್ಬರಿಗೆ ಸಾಲುವಷ್ಟು ಅಗಲವಿತ್ತು. ಆಕೆ ಎಡಕ್ಕಾಗಲಿ ಬಲಕ್ಕಾಗಲಿ ಸರಿಯದೆ, ನಡುವೆ, ಯಾರಿಗೂ ಹೆದರದವಳಂತೆ ಮಲಗಿದ್ದಳು. ಈ ಮನೆ ಇವಳಿಗೆ ಸಾಕು ಅನ್ನಿಸಿತು ಅವನಿಗೆ. ಅಷ್ಟಾದರೂ ಆಯಿತು. ತಾನು ಎಲ್ಲಿರುತ್ತೇನೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಐದು ನಿಮಿಷ ಹೋಗಿ ಅರ್ಧ ಗಂಟೆಯಾಯಿತು. ಗಾಜಿನ ಛಾವಣಿಯ ಬಿಸಿಲು ಸರಿದು ಹಾಸಿಗೆಯ ಪಾದದ ಕಡೆಗೆ ಬಂತು. ಆಕೆ ಮಗ್ಗುಲಾದಳು, ಕಣ್ಣು ಅರ್ಧ ತೆರೆದಳು, ಅವನನ್ನು ನೋಡಿದಳು.

"ಹೊರಗ್ಯಾಕೆ ಕೂತಿದೀರಿ?" ಅಂದಳು ನಿದ್ದೆಯ ದನಿಯಲ್ಲಿ. "ಬಾಗಿಲು ಆ ಕಡೆ ಇದೆ."

ಟೇಪಣ್ಣ ಗೋಡೆ ಹಿಡಿದು ಎದ್ದ. ಒಂದು ಹೆಜ್ಜೆ ದಾಟಿದ್ದರೆ ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದ. ದಾಟಲಿಲ್ಲ. ಹಳದಿ ಪಟ್ಟಿಯ ಗುಂಟ ನಿಧಾನಕ್ಕೆ ಸುತ್ತು ಹಾಕಿ, ರಸ್ತೆಯ ಕಡೆ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲಿನಿಂದ ಒಳಗೆ ಬಂದ.